ಮಗಳ ಕೋಣೆಯ ವಾಲ್ವ್

ಕೂಸನ್ನು ನೋಡಲು ಬಂದವರು ತೊಟ್ಟಿಲ ಕಡೆ ಬಾಗುವ ಮೊದಲೇ ನಾನು ಅವರ ಮೊಣಕೈ ಹಿಡಿದು ಕಿಟಕಿಯ ಕೆಳಗಿನ ವಾಲ್ವಿನ ಕಡೆ ತಿರುಗಿಸುತ್ತೇನೆ ಎಂಬುದು ನಮ್ಮವರ ದೂರು. ಪೂರ್ತಿ ಸುಳ್ಳೇನಲ್ಲ. ಕೂಸು ಚೆಂದವಾಗಿದೆ ಎಂದು ಎಲ್ಲರೂ ಹೇಳಿಯೇ ಹೇಳುತ್ತಾರೆ, ಅದಕ್ಕೆ ನನ್ನ ಒತ್ತಾಯ ಬೇಕಿಲ್ಲ. ವಾಲ್ವಿಗೆ ಯಾರಿದ್ದಾರೆ ಹೇಳಿ? ಅದನ್ನು ಹಾಕಿದವಳು ನಾನೇ, ಮನೆಯ ಕೊಳವೆಗಳ ನೀರನ್ನೆಲ್ಲ ಖಾಲಿ ಮಾಡದೆ ಹಾಕಿದೆ ಎಂದು ಹೇಳುವಾಗ ನನ್ನ ದನಿ ತಾನಾಗಿಯೇ ಏರುತ್ತದೆ. ಬಂದವರು "ಓ, ನೈಸ್" ಎನ್ನುತ್ತಾರೆ. ಆ ನೈಸ್ ಕೇಳಿದರೇ ತಿಳಿಯುತ್ತದೆ, ಅವರಿಗೆ ಏನೂ ತಲೆಗೆ ಹೋಗಿಲ್ಲ ಎಂದು. ಆದ್ದರಿಂದ ನಿಮಗಾದರೂ ಮೊದಲಿನಿಂದ ಹೇಳಿಬಿಡುತ್ತೇನೆ.

ಅಮೆರಿಕದ ನಮ್ಮ ಊರು ಗೈದರ್ಸ್‌ಬರ್ಗಿನಲ್ಲಿ ನನಗೆ ಗೊತ್ತಿರುವ ಕನ್ನಡದವರ ಮನೆಗಳನ್ನೆಲ್ಲ ಚಳಿಗಾಲದಲ್ಲಿ ಬೆಚ್ಚಗಿಡುವುದು ಬಿಸಿಗಾಳಿ. ನೆಲದಲ್ಲೋ ಸೂರಿನಲ್ಲೋ ಜಾಲರಿ, ಅದರೊಳಗಿಂದ ಬುಸ್ ಎಂದು ಗಾಳಿ, ಗಾಳಿಯ ಜೊತೆ ಹಿಂದಿನ ದಿನದ ಒಗ್ಗರಣೆಯ ವಾಸನೆ. ನಮ್ಮದು ಮಾತ್ರ ಊರಿನ ಹಳೇ ಭಾಗದ ಇಟ್ಟಿಗೆ ಮನೆ. ನೆಲಮಾಳಿಗೆಯಲ್ಲಿ ಒಂದು ಬಾಯ್ಲರ್ ಇದೆ. ಅದು ಕಾಯಿಸಿದ ನೀರು ಕೊಳವೆ ಹಿಡಿದು ಮಹಡಿ ಹತ್ತಿ, ಕೋಣೆ ಕೋಣೆಯಲ್ಲೂ ಎರಕದ ಕಬ್ಬಿಣದ ರೇಡಿಯೇಟರಿನ ಹೊಟ್ಟೆ ಹೊಕ್ಕು, ತನ್ನ ಬಿಸಿಯನ್ನು ಅಲ್ಲಿ ಬಿಟ್ಟು, ತಣ್ಣಗಾಗಿ ಕೆಳಗಿಳಿದು ಮತ್ತೆ ಕಾಯುತ್ತದೆ. ಅದೇ ನೀರು, ವರ್ಷಾನುವರ್ಷ. ಮನೆ ನೋಡಲು ಹೋದ ದಿನ ಏಜೆಂಟ್ ಈ ವಿಷಯವನ್ನು ಸ್ವಲ್ಪ ಸಂಕೋಚದಿಂದ, ಹುಡುಗಿಗೆ ಒಂದು ಕಿವಿ ಮಂದ ಎನ್ನುವ ಧಾಟಿಯಲ್ಲಿ ಹೇಳಿದ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಒಮ್ಮೆ ತುಂಬಿದ ನೀರು ಚೆಲ್ಲುವ ಮಾತೇ ಇಲ್ಲದೆ ಕೆಲಸಕ್ಕೆ ಬರುತ್ತಲೇ ಇರುತ್ತದೆ ಎಂದರೆ ಹುಬ್ಬಳ್ಳಿಯಲ್ಲಿ ಬೆಳೆದ ಇಬ್ಬರಿಗೆ ಇನ್ನೇನು ಬೇಕು? ಅಡಿಗೆಮನೆ ಸಣ್ಣದಾಯಿತು ಎಂದು ನಾನು ಗೊಣಗಿದ್ದು ಆಮೇಲೆ.

ಹುಬ್ಬಳ್ಳಿಯ ನೀರಿನ ಬಗ್ಗೆ ಇಲ್ಲಿ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾವು ಬೆಳೆಯುವಾಗ ನಳದಲ್ಲಿ ನೀರು ಬರುವುದು ವಾರಕ್ಕೊಮ್ಮೆ, ಕೆಲವೊಮ್ಮೆ ಅದಕ್ಕೂ ತಡ. ಯಾವ ಹೊತ್ತಿಗೆ ಎಂಬುದನ್ನು ಯಾರೂ ಹೇಳಲಾರರು. ಅದಕ್ಕೇ ಎಲ್ಲರ ಮನೆಯಲ್ಲೂ ನಳವನ್ನು ತಿರುವಿ ಬಿಟ್ಟಿರುತ್ತಿದ್ದರು. ಮೊದಲು ಬರುವುದು ಗಾಳಿ, ಸೊಂಯ್ ಎಂದು. ಆ ಸದ್ದು ಕೇಳಿದರೆ ಸಾಕು, ಊಟಕ್ಕೆ ಕೂತವರು ಕೈ ತೊಳೆಯದೆ ಏಳುತ್ತಿದ್ದರು. ಹಂಡೆ, ಕೊಳಗ, ಬಗೋಣಿ, ಚರಗಿ, ಕಡೆಗೆ ಇಡ್ಲಿ ಪಾತ್ರೆಯ ಮುಚ್ಚಳದ ತನಕ ತುಂಬಿಕೊಳ್ಳುತ್ತಿದ್ದರು. ನಮ್ಮವರು ವೃತ್ತಿಯಿಂದ ಎಂಜಿನಿಯರ್, ಮೂವತ್ತು ವರ್ಷದಿಂದ ಅಮೆರಿಕದಲ್ಲಿದ್ದಾರೆ, ಆದರೂ ಎಲ್ಲಿಯಾದರೂ ಕೊಳವೆಯಲ್ಲಿ ಸೊಂಯ್ ಎಂದರೆ ಕತ್ತು ಎತ್ತುತ್ತಾರೆ. ಪ್ರತಿ ಅಕ್ಟೋಬರಿನಲ್ಲಿ ರೇಡಿಯೇಟರುಗಳ ನೆತ್ತಿಯ ಮೇಲಿನ ಸಣ್ಣ ತಿರುಪನ್ನು ಕೀಲಿಯಿಂದ ಸಡಿಲಿಸಿ ಒಳಗೆ ಸೇರಿದ ಗಾಳಿ ಬಿಡಬೇಕು. ಅದು ಅವರಿಗೆ ಹಬ್ಬ. ಗಾಳಿ ಸೊಂಯ್ ಎನ್ನುವುದು, ಹಿಂದೆಯೇ ನೀರು ಚಿಮ್ಮುವುದು, ಅವರು "ಬಂತು" ಎನ್ನುವುದು. ಆ ಕೀಲಿ ಚಳಿಗಾಲ ಪೂರ್ತಿ ಅವರ ಅಂಗಿಯ ಕಿಸೆಯಲ್ಲೇ ಇರುತ್ತದೆ.

ಈಗ ಮಗಳ ವಿಷಯ. ಶಾಲ್ಮಲಾ ಹುಟ್ಟಿದ್ದು ಬೆಳೆದದ್ದು ಇಲ್ಲೇ, ಈಗ ಗಂಡನ ಜೊತೆ ನದಿಯಾಚೆ ವರ್ಜೀನಿಯಾದಲ್ಲಿ ಇರುತ್ತಾಳೆ. ಬಸುರಿ ಎಂದು ತಿಳಿಸಿದ ದಿನವೇ ನಾನು ಬಾಣಂತನದ ಮಾತು ತೆಗೆದೆ. ಚೊಚ್ಚಲು ತವರಿನಲ್ಲಿ ಆಗಬೇಕು, ಕೋಣೆ ಬೆಚ್ಚಗಿರಬೇಕು, ಹೊರಸಿನ ಕೆಳಗೆ ಕೆಂಡದ ಶಗಡಿ ಇಡಬೇಕು, ಲೋಬಾನದ ಹೊಗೆ ಕೊಡಬೇಕು, ಕಿವಿಗೆ ಹತ್ತಿ ಇಟ್ಟು ತಲೆಗೆ ಬಿಗಿಯಾಗಿ ಕಟ್ಟಬೇಕು, ಅಂಟಿನುಂಡಿ ತಿನ್ನಿಸಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಒಂದೇ ಉಸಿರಿನಲ್ಲಿ ಹೇಳಬಾರದಿತ್ತು. ಅವಳು ಶಾಂತವಾಗಿ, "ಅಮ್ಮಾ, ಐ ಯಾಮ್ ನಾಟ್ ಎ ಸಾಲ್ಮನ್. ನನಗ ಸ್ಮೋಕ್ ಮಾಡಬ್ಯಾಡ" ಎಂದಳು. ಸಾಲ್ಮನ್ ಎಂದರೆ ಇಲ್ಲಿಯವರು ಹೊಗೆಯಲ್ಲಿ ಹದಮಾಡಿ ತಿನ್ನುವ ಮೀನು. ಬಾಣಂತನ ತನ್ನ ಮನೆಯಲ್ಲೇ, ನಾನು ವಾರಾಂತ್ಯಕ್ಕೆ ಬಂದು ಹೋಗಬಹುದು ಎಂದಾಯಿತು. ನಾನು ಸಮಾಧಾನದಿಂದ ಒಪ್ಪಿದಂತೆ ತೋರಿಸಿಕೊಂಡೆ. ಆಮೇಲೆ ಲಾರೆನ್ಸ್‌ವಿಲ್‌ನಲ್ಲಿರುವ ನನ್ನ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಫೋನ್ ಮಾಡಿ ಚೆನ್ನಾಗಿ ಅತ್ತೆ. ಅವಳು ಅಷ್ಟರಲ್ಲಾಗಲೇ ಅಂಟಿನುಂಡಿ ಕಟ್ಟಿಟ್ಟುಕೊಂಡು ಕೂತಿದ್ದಳು, ಕಳಿಸುವುದೋ ಬೇಡವೋ ಎಂದು ಕೇಳಿದಳು. ಕಳಿಸು, ನಾನೇ ತಿನ್ನುತ್ತೇನೆ ಎಂದೆ.

ಆ ಜನವರಿಯಲ್ಲಿ ಕೋವಿಡ್ ಮತ್ತೊಮ್ಮೆ ತಲೆ ಎತ್ತಿತ್ತು. ಗುರುವಾರ ಹೆರಿಗೆಯಾಯಿತು, ಹೆಣ್ಣು ಕೂಸು. ಆಸ್ಪತ್ರೆಯಲ್ಲಿ ಅಳಿಯ ಒಬ್ಬನಿಗೇ ಪ್ರವೇಶ, ನಾವು ಮೊಮ್ಮಗಳ ಮುಖ ನೋಡಿದ್ದು ಫೋನಿನಲ್ಲಿ. ಶುಕ್ರವಾರ ಬೆಳಗ್ಗೆ ನಾನು ಕೆಲಸ ಮಾಡುವ ಲ್ಯಾಬಿಗೆ ಹೊರಟಿದ್ದಾಗ ಶಾಲ್ಮಲಾ ಕರೆ ಮಾಡಿದಳು. "ಅಮ್ಮಾ, ಐ ಯಾಮ್ ಸೋ ಟೈರ್ಡ್. ನಾನು ಮನೀಗೆ ಬರ್ಲಾ? ಮೈ ರೂಮ್?" ಎಂದಳು. ಭಾನುವಾರ ಡಿಸ್ಚಾರ್ಜ್ ಆಗಬಹುದಂತೆ. ಬಾ ಎಂದೆ. ಅದಕ್ಕಿಂತ ಹೆಚ್ಚು ಹೇಳಿದ್ದರೆ ಮತ್ತೆ ಒಂದೇ ಉಸಿರಿನಲ್ಲಿ ಎಲ್ಲಾ ಹೇಳಿ ಕೆಡಿಸುತ್ತಿದ್ದೆ. ಲ್ಯಾಬಿಗೆ ರಜೆ ತಿಳಿಸಿ ಮಹಡಿ ಹತ್ತಿದೆ. ನನಗೆ ಕುಣಿಯಬೇಕು ಅನ್ನಿಸುತ್ತಿತ್ತು, ಮೊಣಕಾಲು ಒಪ್ಪದಿದ್ದರಿಂದ ಬೇಗ ಬೇಗ ನಡೆದೆ ಅಷ್ಟೇ.

ಅವಳ ಕೋಣೆಯ ಬಾಗಿಲು ತೆಗೆದರೆ ಒಳಗೆ ಮಂಜುಗಡ್ಡೆಯಂಥ ಚಳಿ. ಅವಳು ಕಾಲೇಜಿಗೆ ಹೋದಾಗಿನಿಂದ ನಮ್ಮವರು ಆ ರೇಡಿಯೇಟರಿನ ವಾಲ್ವ್ ಬಂದ್ ಮಾಡಿ ಇಟ್ಟಿದ್ದರು. ಸ್ನಾನ ಮುಗಿಯುವ ಮೊದಲೇ ಗೀಸರಿನ ಸ್ವಿಚ್ ಆರಿಸುವ, ರಾತ್ರಿ ಗ್ಯಾಸಿನ ರೆಗ್ಯುಲೇಟರ್ ಮುಚ್ಚುವ ಜನ ನಾವು. ಯಾರೂ ಇಲ್ಲದ ಕೋಣೆಗೆ ಬಿಸಿ ಯಾಕೆ ಎಂಬುದು ಅವರ ಲೆಕ್ಕ. ಅಮೆರಿಕದ ವಾಲ್ವಿಗೆ ಈ ಲೆಕ್ಕ ತಿಳಿಯದು. ಅಷ್ಟು ವರ್ಷ ಮುಚ್ಚಿದ್ದು ಮುಚ್ಚಿಯೇ ಕೂತುಬಿಟ್ಟಿತ್ತು. ನಾನು ತಿರುವಿದೆ, ಅವರು ತಿರುವಿದರು, ಬಟ್ಟೆ ಸುತ್ತಿ ಇಬ್ಬರೂ ಸೇರಿ ತಿರುವಿದೆವು. ಹಿಡಿ ಮುರಿದು ನಮ್ಮವರ ಕೈಗೆ ಬಂತು. ಅದನ್ನು ಅವರು ಮತ್ತೆ ಅದರ ಜಾಗದಲ್ಲೇ ಮೆಲ್ಲಗೆ ಇಟ್ಟು, ಏನೂ ಆಗಿಲ್ಲವೆಂಬಂತೆ ಹಿಂದೆ ಸರಿದು ನಿಂತರು.

ಪ್ಲಂಬರಿಗೆ ಫೋನ್ ಮಾಡಿದೆವು. ವಾಲ್ವ್ ಬದಲಿಸಬೇಕು, ಅದಕ್ಕೆ ಇಡೀ ಮನೆಯ ಕೊಳವೆಗಳ ನೀರನ್ನು ಹೊರಗೆ ಬಿಡಬೇಕು, ಮತ್ತೆ ತುಂಬಿ ಗಾಳಿ ತೆಗೆದು ಕಾಯಿಸಲು ಹೆಚ್ಚುಕಡಿಮೆ ಎರಡು ದಿನ ಹಿಡಿಯುತ್ತದೆ, ಬರುವುದು ಮುಂದಿನ ವಾರದ ಕೊನೆಗೆ ಎಂದ. ನೀರನ್ನೆಲ್ಲ ಹೊರಗೆ ಬಿಡಬೇಕು ಎಂಬ ಮಾತಿಗೆ ನಮ್ಮವರ ಮುಖ ಬಾಡಿತು. ನನ್ನ ಚಿಂತೆಯೇ ಬೇರೆ. ವಿದ್ಯುತ್ ಹೀಟರ್ ಇಡೋಣವೆಂದರೆ ಆ ಕೋಣೆಯ ಹಳೇ ವೈರಿಂಗ್ ತಡೆಯುವುದಿಲ್ಲ. ಶಗಡಿ ಇಟ್ಟರೆ ಮನೆಯ ಅಲಾರಮ್ಮು ಬಡಿದುಕೊಂಡು ಅಗ್ನಿಶಾಮಕದವರು ಬಾಣಂತಿಯನ್ನು ನೋಡಲು ಬರುತ್ತಾರೆ. ಭಾನುವಾರ ಮಗಳು ಬಂದು ಈ ಚಳಿಯಲ್ಲಿ ನಿಂತರೆ ಏನು ಹೇಳುತ್ತಾಳೆ ಎಂದು ನನಗೆ ಗೊತ್ತಿತ್ತು. "ಇಟ್ಸ್ ಓಕೆ ಅಮ್ಮಾ" ಎಂದು ಮೃದುವಾಗಿ ಹೇಳಿ ಕೂಸನ್ನು ಎತ್ತಿಕೊಂಡು ತನ್ನ ಮನೆಗೆ ಹೋಗುತ್ತಾಳೆ. ಒಂದು ಸಲ ಹಾಗೆ ಹೋದವಳು ಇನ್ನೊಮ್ಮೆ ಬರಲೇ ಎಂದು ಕೇಳುವುದಿಲ್ಲ. ನನಗೆ ಅಳು ಬಂತು, ಅಳಲು ಪುರಸೊತ್ತಿರಲಿಲ್ಲ.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಒಂದು ವೀಡಿಯೊದಲ್ಲಿ ಯಾವುದೋ ಊರಿನ ಒಬ್ಬ ಟೋಪಿಯ ಮನುಷ್ಯ, ನೀರು ಖಾಲಿ ಮಾಡದೆಯೇ ವಾಲ್ವ್ ಬದಲಿಸಬಹುದು ಎನ್ನುತ್ತಿದ್ದ. ಮೊದಲು ಬಾಯ್ಲರ್ ಆರಿಸಿ ತಣ್ಣಗಾಗಲು ಬಿಡಿ. ಹೊಸ ನೀರು ಬರುವ ದಾರಿ ಮುಚ್ಚಿ. ಕೆಳಗಿನ ನಳದಿಂದ ಒಂದೆರಡು ಬಕೆಟ್ ನೀರು ತೆಗೆದು ಒಳಗಿನ ಒತ್ತಡ ಇಳಿಸಿ. ಆಮೇಲೆ ಎಲ್ಲೆಲ್ಲಿ ಗಾಳಿ ಒಳಗೆ ನುಸುಳಬಹುದೋ ಅಲ್ಲೆಲ್ಲ ಬಿಗಿಯಾಗಿ ಮುಚ್ಚಿ. ಈಗ ವಾಲ್ವ್ ಬಿಚ್ಚಿದರೂ ಕೊಳವೆಗಳ ನೀರು ಹೊರಗೆ ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂದು ಅವನು ಹೇಳಲಿಲ್ಲ, ಅಥವಾ ಹೇಳಿದ್ದು ನನಗೆ ಕೇಳಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನನಗೆ ಅದು ಹೊಳೆದುಬಿಟ್ಟಿತ್ತು. ನಾನು ಕುರ್ಚಿಯಿಂದ ಎದ್ದು, ಪಿಪೆಟ್ ಎಂದು ಕೂಗಿದೆ. ನಮ್ಮವರು ಏನೋ ಒಡೆಯಿತೆಂದು ಓಡಿ ಬಂದರು.

ಪಿಪೆಟ್ ನೋಡಿದ್ದೀರಲ್ಲ, ಕೆಮಿಸ್ಟ್ರಿ ಲ್ಯಾಬಿನ ಗಾಜಿನ ನಳಿಕೆ. ಧಾರವಾಡದ ಕಾಲೇಜಿನಲ್ಲಿ ನಾವು ಅದನ್ನು ಬಾಯಿಂದಲೇ ಎಳೆಯುತ್ತಿದ್ದೆವು. ದ್ರಾವಣವನ್ನು ಗೆರೆಯ ಮೇಲಕ್ಕೆ ಎಳೆದು, ಮೇಲಿನ ತುದಿಗೆ ಬೆರಳು ಒತ್ತಿದರೆ ಕೆಳಗಿನ ಬಾಯಿ ತೆರೆದಿದ್ದರೂ ಒಂದು ಹನಿ ಬೀಳುವುದಿಲ್ಲ. ಮೇಲಿನಿಂದ ಗಾಳಿ ಹೋದರೆ ತಾನೆ ಕೆಳಗಿನಿಂದ ನೀರು ಬರುವುದು. ಹೆಬ್ಬೆರಳು ಇಟ್ಟರೆ ನಮ್ಮ ಮೇಷ್ಟ್ರು ಬೆರಳಿನ ಗೆಣ್ಣಿಗೆ ಅಡಿಕೋಲಿನಿಂದ ತಟ್ಟುತ್ತಿದ್ದರು, ತೋರುಬೆರಳೇ ಇಡಬೇಕು. ಆ ವಿದ್ಯೆಯಿಂದಲೇ ನಾನು ಈ ದೇಶಕ್ಕೆ ಬಂದದ್ದು, ಈ ಊರಿನ ಲ್ಯಾಬಿನಲ್ಲಿ ಇಷ್ಟು ವರ್ಷ ಅನ್ನ ತಿಂದದ್ದು. ನಮ್ಮ ಮನೆಯೇ ಒಂದು ದೊಡ್ಡ ಪಿಪೆಟ್, ರೇಡಿಯೇಟರುಗಳ ನೆತ್ತಿಯ ತಿರುಪುಗಳೇ ಮೇಲಿನ ಬೆರಳು ಎಂದು ನಮ್ಮವರಿಗೆ ವಿವರಿಸಿದೆ. ಅವರು ಬಹಳ ಹೊತ್ತು ಯೋಚಿಸಿ, ಥಿಯರಿ ಬರೋಬ್ಬರಿ ಅದ ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಮಾತನ್ನು ಅವರು ಮೊದಲ ಸಲಕ್ಕೇ ಒಪ್ಪಿದ್ದು ಅಪರೂಪ.

ಶುಕ್ರವಾರ ಸಂಜೆ ಪ್ಲಂಬಿಂಗ್ ಸಾಮಾನಿನ ಅಂಗಡಿಯಲ್ಲಿ ಹಳೇ ಅಳತೆಯ ಹೊಸ ವಾಲ್ವ್ ಸಿಕ್ಕಿತು. ಥಳಥಳ ಹಿತ್ತಾಳೆ, ತಲೆಯ ಮೇಲೆ ಬಿಳಿ ಗುಬಟು, ಗುಬಟಿನ ಮೇಲೆ ಒಂದರಿಂದ ಐದರ ತನಕ ಅಂಕಿ. ಬೇಕಾದ ಅಂಕಿಗೆ ತಿರುವಿದರೆ ಕೋಣೆಯನ್ನು ಅಷ್ಟೇ ಬಿಸಿಗೆ ತಾನೇ ನಿಲ್ಲಿಸುತ್ತದೆ. ಅದನ್ನು ಕಾರಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ.

ಶನಿವಾರ ಬೆಳಗ್ಗೆ ಕೆಲಸ ಶುರು. ಬಾಯ್ಲರ್ ಆರಿಸಿದ್ದರಿಂದ ಇಬ್ಬರೂ ಸ್ವೆಟರಿನ ಮೇಲೆ ಸ್ವೆಟರ್ ಹಾಕಿದ್ದೆವು. ಕೆಳಗಿನ ನಳದಿಂದ ನೀರು ತೆಗೆದೆವು. ವರ್ಷಗಟ್ಟಲೆ ಕಬ್ಬಿಣದಲ್ಲಿ ಸುತ್ತಿದ ನೀರು, ಕರ್ರಗೆ ಮಸಿಯ ಹಾಗಿತ್ತು. ಅದನ್ನೂ ಚೆಲ್ಲಲು ಮನಸ್ಸಾಗದೆ ನಮ್ಮವರು ಬಕೆಟಿಗೆ ಮುಚ್ಚಳ ಹಾಕಿ ಮೂಲೆಗಿಟ್ಟರು. ಬಾಯ್ಲರಿನ ಮೇಲೆ ತಾನಾಗಿಯೇ ಗಾಳಿ ಬಿಡುವ ಒಂದು ಸಣ್ಣ ಡಬ್ಬಿಯಿದೆ, ಅದರ ಮುಚ್ಚಳವನ್ನೂ ಬಿಗಿದೆವು. ಮಹಡಿಯ ಎಲ್ಲ ತಿರುಪುಗಳನ್ನೂ ಅವರು ತಮ್ಮ ಕೀಲಿಯಿಂದ ಪರೀಕ್ಷಿಸಿ ಬಂದರು. ಇನ್ನು ಮೇಲೆ ಏನನ್ನೂ ಮುಟ್ಟಬೇಡಿ ಎಂದು ಹೇಳಿ ಅವರನ್ನು ಪಡಸಾಲೆಯಲ್ಲಿ ನಿಲ್ಲಿಸಿ ನಾನು ಕೋಣೆಯೊಳಗೆ ಮೊಣಕಾಲೂರಿದೆ.

ಆ ರೇಡಿಯೇಟರಿನ ಆಚೆ ತುದಿಯ ದಾರಿ ಮುಚ್ಚಿ, ಅದರ ಹೊಟ್ಟೆಯ ನೀರನ್ನು ಮಾತ್ರ ದೋಸೆ ಹಿಟ್ಟಿನ ಅಗಲ ಪಾತ್ರೆಗಳಿಗೆ ಇಳಿಸಿಕೊಂಡೆ. ಆಮೇಲೆ ಒಂದು ಪಾನಾದಿಂದ ಕೊಳವೆ ಹಿಡಿದು, ಇನ್ನೊಂದರಿಂದ ಹಳೇ ವಾಲ್ವನ್ನು ತಿರುವಿದೆ. ಕಿರ್ ಎಂದಿತು. ಮತ್ತೆ ಕಿರ್ ಎಂದಿತು. ಕೈಗೆ ಬಂತು. ನಾನು ಉಸಿರು ಬಿಗಿಹಿಡಿದು ನೋಡಿದೆ. ನೆಲದಿಂದ ಎದ್ದ ಕೊಳವೆಯ ಬಾಯಿಯಲ್ಲಿ ಕಪ್ಪು ನೀರು ಅಂಚಿನ ತನಕ ಬಂದು, ಸ್ವಲ್ಪ ನಡುಗಿ, ನಿಂತಿತು. ಪಕ್ಕದ ಕೋಣೆಗಳಲ್ಲಿ ಅದಕ್ಕಿಂತ ಎತ್ತರದಲ್ಲಿ ಎಷ್ಟೋ ನೀರಿದೆ, ಇಲ್ಲಿ ಕೊಳವೆ ಬಾಯಿ ತೆರೆದಿದೆ, ಒಂದು ತೊಟ್ಟೂ ಬರುತ್ತಿಲ್ಲ. ಓದಿದ್ದು ನಿಜವಾಗಿ ಕಣ್ಣೆದುರು ನಿಂತರೆ ಎಷ್ಟು ಖುಷಿಯಾಗುತ್ತದೆ ಎಂದು ಹೇಗೆ ಹೇಳಲಿ! ಪದವಿ ಸಿಕ್ಕಾಗಲೂ ಅಷ್ಟು ಖುಷಿಯಾಗಿರಲಿಲ್ಲ. ಬಂದು ನೋಡಿ ಎಂದು ನಮ್ಮವರನ್ನು ಕರೆಯಬೇಕೆನ್ನುವಷ್ಟರಲ್ಲಿ ಪಕ್ಕದ ಬಚ್ಚಲಿನ ರೇಡಿಯೇಟರಿನಲ್ಲಿ ಗುಳುಗುಳು ಎಂದಿತು, ಹಿಂದೆಯೇ ಸಣ್ಣದಾಗಿ ಸೊಂಯ್ ಎಂದಿತು.

ಮುಂದೆ ಏನಾಯಿತೆಂದು ಹುಬ್ಬಳ್ಳಿಯವರಿಗೆ ಹೇಳಬೇಕಾಗಿಲ್ಲ. ಸೊಂಯ್ ಕೇಳಿದ ಮನುಷ್ಯನಿಗೆ ಹೆಂಡತಿಯ ಅಪ್ಪಣೆ ನೆನಪಿರುವುದಿಲ್ಲ. ಗಾಳಿ ಸೇರಿಕೊಂಡಿದೆ, ಬಿಟ್ಟುಬಿಡೋಣ ಎಂದು ನಮ್ಮವರ ಕೈ ತಾನಾಗಿ ಕಿಸೆಗೆ ಹೋಗಿದೆ, ಕೀಲಿ ಹೊರಬಂದಿದೆ, ತಿರುಪು ತಿರುಗಿದೆ. ಪಿಪೆಟ್ಟಿನ ಮೇಲಿನ ಬೆರಳು ಎದ್ದಿತು. ನನ್ನೆದುರು ಅಂಚಿನಲ್ಲಿ ನಿಂತಿದ್ದ ನೀರು ಒಮ್ಮೆಲೇ ಉಬ್ಬಿ ನೆಲದ ಮೇಲೆ ಹರಿಯತೊಡಗಿತು. ಕೈಯಲ್ಲಿ ಏನೂ ಇರಲಿಲ್ಲ. ಹೆಬ್ಬೆರಳನ್ನೇ ಕೊಳವೆಯ ಬಾಯಿಗೆ ಒತ್ತಿದೆ. ಮೇಷ್ಟ್ರು ನೋಡಿದ್ದರೆ ಖಂಡಿತ ತಟ್ಟುತ್ತಿದ್ದರು.

"ಏನ ಮುಟ್ಟಿದ್ರಿ?" ಎಂದು ಕೇಳಿದೆ.

"ಗಾಳಿ ಬರ್ಲಿಕ್ಕೆ ಹತ್ತಿತ್ತು," ಎಂದು ಬಚ್ಚಲಿನಿಂದ ಉತ್ತರ ಬಂತು.

"ಅದು ಬರ್ಲಿಕ್ಕೆ ಹತ್ತಿಲ್ಲ, ಒಳಗ ಹೊಂಟದ. ಮೊದಲ ಮುಚ್ಚರಿ."

ಮುಚ್ಚಿ ಬಾಗಿಲಿಗೆ ಬಂದವರು ನನ್ನನ್ನು ನೋಡಿದರು. ಮಸಿ ನೀರಿನಲ್ಲಿ ಮೊಣಕಾಲೂರಿ, ಹೆಬ್ಬೆರಳಿನಿಂದ ಮನೆ ಹಿಡಿದುಕೊಂಡು ಕೂತಿದ್ದೆ. ಅವರು ಮಾಡಿದ್ದನ್ನು ಒಪ್ಪಿಕೊಳ್ಳುವುದೋ, ನಗುವುದೋ ಎಂದು ತಿಳಿಯದೆ ಹಾಸಿಗೆಯ ಹೊದಿಕೆ ತಂದು ನೆಲಕ್ಕೆ ಹಾಕಿದರು. ಅದು ಬಾಣಂತಿಗೆಂದು ಒಗೆದಿಟ್ಟಿದ್ದ ಹೊದಿಕೆ ಎಂದು ನಾನು ಹೇಳಲಿಲ್ಲ. ಆಗಲೇ ನನ್ನ ಫೋನು ಬಡಿದುಕೊಂಡಿತು, ಶಾಲ್ಮಲಾ. ಅವರು ಅದನ್ನು ನನ್ನ ಕಿವಿಗೆ ಹಿಡಿದರು.

ಕೂಸು, ಬಾಣಂತಿ ಇಬ್ಬರೂ ಚೆನ್ನಾಗಿದ್ದಾರೆ, ಆಸ್ಪತ್ರೆಯಲ್ಲಿ ಹಾಸಿಗೆ ಬೇಕಾಗಿದೆ, ಈವತ್ತೇ ಮಧ್ಯಾಹ್ನ ಬಿಡುತ್ತಾರಂತೆ. ಅವಳ ದನಿಯಲ್ಲಿ ಅನುಮಾನವಿತ್ತು. "ಅಮ್ಮಾ, ಇಸ್ ಇಟ್ ಟೂ ಅರ್ಲಿ? ನಾವು ನಮ್ಮ ಮನೀಗೇ ಹೋಗ್ತೀವಿ, ಇಟ್ಸ್ ಫೈನ್."

ನನ್ನ ಬೆರಳು ಮರಗಟ್ಟಿತ್ತು. ಕೋಣೆಯಲ್ಲಿ ನಮ್ಮ ಉಸಿರು ಹೊಗೆಯಾಗಿ ಕಾಣುತ್ತಿತ್ತು. ನಮ್ಮವರು ಫೋನು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು.

"ಬಾ," ಎಂದೆ. "ನಿನ್ನ ಖೋಲಿ ರೆಡಿ ಅದ."

ಸುಳ್ಳು ಎಂದು ನೀವು ಅನ್ನಬಹುದು. ಮಧ್ಯಾಹ್ನದ ಹೊತ್ತಿಗೆ ನಿಜವಾಗುವುದನ್ನು ಬೆಳಗ್ಗೆ ಹೇಳಿದರೆ ಸುಳ್ಳು ಹೇಗಾಗುತ್ತದೆ? ಫೋನ್ ಇಟ್ಟ ಮೇಲೆ ಒಂದು ಕ್ಷಣ ಭಯವಾಯಿತು. ಮೇಲಿನ ತಿರುಪು ಮುಚ್ಚಿದೆ, ಬೆರಳು ತೆಗೆದರೆ ನೀರು ನಿಲ್ಲಲೇಬೇಕು ಎಂದು ತಲೆ ಹೇಳುತ್ತಿತ್ತು. ಬೆರಳು ಒಪ್ಪುತ್ತಿರಲಿಲ್ಲ. ಕಣ್ಣು ಮುಚ್ಚಿ ತೆಗೆದೆ. ನೀರು ಅಂಚಿನ ತನಕ ಬಂದು ನಿಂತಿತು. ಅದನ್ನು ಮೊದಲ ಸಲ ಕಂಡ ನಮ್ಮವರು ಬಾಗಿ, ಕನ್ನಡಕ ಸರಿಮಾಡಿಕೊಂಡು ನೋಡಿದರು. ಆಮೇಲೆ ಕಿಸೆಯಿಂದ ಕೀಲಿ ತೆಗೆದು ನನ್ನ ಪಕ್ಕ ನೆಲದ ಮೇಲೆ ಇಟ್ಟರು. ಯುದ್ಧದಲ್ಲಿ ಸೋತವರು ಆಯುಧ ಇಡುವುದು ಹೀಗೇ ಇರಬೇಕು.

ಅಲ್ಲಿಂದ ಮುಂದೆ ಎಲ್ಲವೂ ನಾಗಾಲೋಟ. ಕೊಳವೆಯ ತುದಿಯ ತಿರುಪಿನ ಗೆರೆಗಳಿಗೆ ಬಿಳಿ ಟೇಪು ಸುತ್ತಿದೆ, ಹೊಸ ವಾಲ್ವ್ ಕೂರಿಸಿದೆ, ರೇಡಿಯೇಟರಿಗೆ ಜೋಡಿಸಿದೆ. ಅವರು ಕೆಳಗೆ ಓಡಿ ನೀರು ಬಿಟ್ಟು, ಡಬ್ಬಿಯ ಮುಚ್ಚಳ ಸಡಿಲಿಸಿದರು. ಗಾಳಿ ಬಿಡುವ ಗೌರವವನ್ನು ನಾನು ಅವರಿಗೇ ಕೊಟ್ಟೆ, ಅವರು ಕೋಣೆ ಕೋಣೆಯಲ್ಲೂ "ಬಂತು" ಎನ್ನುತ್ತಾ ಹೋದರು. ಬಾಯ್ಲರ್ ಹೊತ್ತಿತು. ನಾನು ಮಗಳ ಕೋಣೆಯಲ್ಲಿ ರೇಡಿಯೇಟರಿನ ಮೇಲೆ ಎರಡೂ ಅಂಗೈ ಇಟ್ಟು ಕಾದೆ. ಬಹಳ ಹೊತ್ತು ಬರೀ ಕಬ್ಬಿಣ. ಆಮೇಲೆ ಟಿಕ್ ಎಂದಿತು. ಮತ್ತೊಮ್ಮೆ ಟಿಕ್. ಒಂದು ತುದಿಯಿಂದ ಬಿಸಿ ಮೆಲ್ಲಗೆ ನನ್ನ ಬೆರಳುಗಳ ಕೆಳಗೆ ಹರಿದು ಬಂತು. ವಾಲ್ವಿನ ಕೀಲಲ್ಲಿ ಒಂದು ಹನಿಯೂ ಇಲ್ಲ. ನಾನು ಗುಬಟನ್ನು ಐದಕ್ಕೆ ತಿರುವಿ, ಅಲ್ಲೇ ನೆಲದ ಮೇಲೆ ಕೂತು ಸಮಾಧಾನವಾಗುವಷ್ಟು ಅತ್ತೆ.

ಮಗಳು, ಅಳಿಯ ಕೂಸಿನ ಜೊತೆ ಬಂದಾಗ ಬಿಸಿಲು ಕಿಟಕಿಯಿಂದ ಇಳಿಯುತ್ತಿತ್ತು. ಶಾಲ್ಮಲಾ ಮೆಲ್ಲಗೆ ಒಂದೊಂದೇ ಮೆಟ್ಟಿಲು ಹತ್ತಿ ಬಂದು, ಕೂಸನ್ನು ನನ್ನ ಕೈಗೆ ಕೊಟ್ಟು, ಹಾಸಿಗೆಯ ಮೇಲೆ ಕೂತಳು. ಕೂಸು ಎಷ್ಟು ಹಗುರವಾಗಿತ್ತೆಂದರೆ ನನಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮಗಳು ಕೋಣೆಯನ್ನು ಸುತ್ತ ನೋಡಿದಳು. ಜಾಕೆಟ್ ತೆಗೆದಳು, ಸ್ವೆಟರ್ ತೆಗೆದಳು, ಕಾಲುಚೀಲವನ್ನೂ ತೆಗೆದಳು. ಆಮೇಲೆ ನಕ್ಕು, "ಅಮ್ಮಾ, ಇದು ಓವನ್. ಪ್ಲೀಸ್, ಕಮ್ಮಿ ಮಾಡು" ಎಂದಳು. ಬಾಣಂತಿಗೆ ಬಿಸಿ ಬೇಕು ಎಂಬ ಇಡೀ ಭಾಷಣ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಎಷ್ಟಕ್ಕೆ ಇಡಲಿ ಎಂದು ಕೇಳಿದೆ. ಅವಳು ಮೂರು ಎಂದಳು. ಗುಬಟು ಎಷ್ಟು ಹಗುರವಾಗಿ ತಿರುಗಿತು! ಮೂರಕ್ಕೆ ಇಟ್ಟು ಕೂಸನ್ನು ಅವಳ ಪಕ್ಕ ಮಲಗಿಸಿ ಹೊರಗೆ ಬಂದೆ.

ಮೂರು ಸಾಲದು ಎಂಬ ಚಿಂತೆ ನನ್ನನ್ನು ಅಡಿಗೆಮನೆಯಲ್ಲಿ ನಿಲ್ಲಲು ಬಿಡಲಿಲ್ಲ. ತಾಯಿ ಮಗು ಮಲಗಿರುತ್ತಾರೆ, ಸದ್ದಿಲ್ಲದೆ ಹೋಗಿ ಸ್ವಲ್ಪವೇ ಸ್ವಲ್ಪ ಏರಿಸಿ ಬಂದರೆ ಯಾರಿಗೂ ತಿಳಿಯುವುದಿಲ್ಲ ಎಂದು ಲೆಕ್ಕ ಹಾಕಿ, ಕಳ್ಳಹೆಜ್ಜೆಯಲ್ಲಿ ಮಹಡಿ ಹತ್ತಿ, ಕಿಟಕಿಯ ಕೆಳಗೆ ಬಗ್ಗಿದೆ.

ಗುಬಟು ಐದರ ಮೇಲಿತ್ತು.

ನಾನು ತಿರುಗಿ ನೋಡಿದೆ. ಶಾಲ್ಮಲಾ ಮಲಗಿರಲಿಲ್ಲ. ಬೆವರಿದ ಹಣೆಯನ್ನು ಒರೆಸಿಕೊಳ್ಳುತ್ತಾ, ಕೂಸಿನ ಎರಡೂ ಪಾದಗಳನ್ನು ಒಂದೇ ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದಳು.

"ಅವಳ ಕಾಲು ತಣ್ಣಗ ಅದಾವ, ಅಮ್ಮಾ," ಎಂದಳು.